ಒಂಟೆಯ ಲೆಕ್ಕವೂ ಗಣಿತ ತಂತ್ರಾಂಶವೂ

ಮ್ಯಾಕ್ಸಿಮಾ, ಜಿಯೋಜಿಬ್ರಾ ಮೊದಲಾದ ಗಣಿತ ತಂತ್ರಾಂಶಗಳು ಬೀಜಗಣಿತದ ಸಮೀಕರಣವನ್ನು ಕ್ಷಣಮಾತ್ರದಲ್ಲಿ ಬಿಡಿಸುತ್ತವೆ. ಅಪವರ್ತಿಸಲು ‘ಫ್ಯಾಕ್ಟರ್’, ಬಿಡಿಸಲು ‘ಸಾಲ್ವ್’ ಎಂಬ ಆಜ್ಞೆಗಳು ಅವುಗಳಲ್ಲಿವೆ. ಆದರೆ ಮಾತಿನಲ್ಲಿರುವ ಲೆಕ್ಕವನ್ನು ಸಮೀಕರಣವಾಗಿಸುವ ಹೊಣೆ ಓದುಗನದೇ. ಅದಕ್ಕೆ ಬೇಕಾದುದು ಪದ್ಯ ಓದುವವರಿಗೆ ಪರಿಚಿತವಾದ ಅನ್ವಯಜ್ಞಾನ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಹೊಸೂರು–ಕೃಷ್ಣಗಿರಿ ಸೀಮೆಯ ವಿದ್ಯಾರ್ಥಿಗಳಿಗೆ ಈ ಗ್ರಂಥದ ಪಯಣ ಅಪರಿಚಿತವೆನಿಸದು.

ಅದರಲ್ಲಿನ ಒಂದು ಲೆಕ್ಕದ ತಾತ್ಪರ್ಯ ಹೀಗಿದೆ: ಒಂಟೆಗಳ ಹಿಂಡಿನಲ್ಲಿ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು, ನದಿಯ ದಡದಲ್ಲಿ ಹದಿನೈದು ಉಳಿದವು. ಹಿಂಡು ಎಷ್ಟು?

ಪ್ರಾಚೀನರು ಅವ್ಯಕ್ತ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ‘ಯಾ’ ಎಂದು ಸಂಕ್ಷೇಪಿಸುತ್ತಿದ್ದರು. ವರ್ಗಮೂಲವನ್ನು ಯಾ ಎಂದಿಟ್ಟುಕೊಂಡರೆ ಹಿಂಡು ಯಾ² ಆಗುತ್ತದೆ:

ಯಾ²/4 + 2ಯಾ + 15 = ಯಾ²

ಎರಡೂ ಕಡೆಯನ್ನು 4ರಿಂದ ಗುಣಿಸಿ ಒಂದೇ ಕಡೆಗೆ ತಂದಾಗ:

3ಯಾ² − 8ಯಾ − 60 = 0

‘ಫ್ಯಾಕ್ಟರ್’ ಆಜ್ಞೆ ಇದನ್ನು (ಯಾ − 6)(3ಯಾ + 10) ಎಂದು ಒಡೆಯುತ್ತದೆ. ‘ಸಾಲ್ವ್’ ಆಜ್ಞೆ 6 ಮತ್ತು −10/3 ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. ಹಿಂಡಿನ ವರ್ಗಮೂಲ ಋಣಸಂಖ್ಯೆಯಾಗಲಾರದೆಂದು ಎರಡನೆಯದನ್ನು ಕೈಬಿಡಬೇಕಾದವನು ಓದುಗ. ಹಿಂಡು 36, ಭಾಗಗಳು 9, 12, 15.

‘ಹಿಂಡಿನ ವರ್ಗಮೂಲ’ ಎಂಬುದನ್ನು ‘ಉಳಿದುದರ ವರ್ಗಮೂಲ’ ಎಂದು ಓದಿದರೆ ಏನಾಗುತ್ತದೆ? ಕಾಲುಭಾಗ ಕಳೆದು ಉಳಿದುದು 25 ಎಂದು ಬರುತ್ತದೆ. ಅದು ಹಿಂಡಿನ ಮುಕ್ಕಾಲು ಭಾಗವಾದುದರಿಂದ ಇಡೀ ಹಿಂಡು 100/3. ಮೂವತ್ತಮೂರೂ ಮೂರನೆಯ ಒಂದು ಒಂಟೆ! ತಂತ್ರಾಂಶಕ್ಕೆ ಇದರಲ್ಲಿ ದೋಷವೇನೂ ಕಾಣದು, ಏಕೆಂದರೆ ಅದಕ್ಕೆ ಒಂಟೆಯ ಅರಿವಿಲ್ಲ. ಮಹಾವೀರನು ಈ ಎರಡು ಬಗೆಗಳಿಗೆ ‘ಮೂಲ’, ‘ಶೇಷಮೂಲ’ ಎಂಬ ಬೇರೆಬೇರೆ ಹೆಸರುಗಳನ್ನಿಟ್ಟುದು ಸಕಾರಣವಾಗಿದೆ. ಷಷ್ಠೀ ವಿಭಕ್ತಿಯ ಪದ ಯಾವುದನ್ನು ಅನ್ವಯಿಸುತ್ತದೆ ಎಂಬುದರ ಮೇಲೆಯೇ ಉತ್ತರ ನಿಂತಿದೆ.

ಅಭ್ಯಾಸ: ಹಿಂಡಿನ ಅರ್ಧ ಕಾಡಿನಲ್ಲಿದೆ, ಉಳಿದುದರ ವರ್ಗಮೂಲದಷ್ಟು ಬೆಟ್ಟದಲ್ಲಿದೆ, ದಡದಲ್ಲಿ 20 ಒಂಟೆಗಳಿವೆ. ಮೊದಲು ಅನ್ವಯ ಬರೆಯಿರಿ, ಬಳಿಕ ಸಮೀಕರಣ ರಚಿಸಿರಿ, ಕೊನೆಗೆ ತಂತ್ರಾಂಶದಲ್ಲಿ ಬಿಡಿಸಿರಿ. ಉತ್ತರ 50 ಬಾರದಿದ್ದರೆ ಯಂತ್ರವನ್ನು ಶಂಕಿಸುವ ಮೊದಲು ವಾಕ್ಯವನ್ನು ಮತ್ತೊಮ್ಮೆ ಓದಿರಿ.