ಹಣ ಮತ್ತು ನೆಮ್ಮದಿ

ಹಣದಿಂದ ಸುಖವುಂಟೇ ಎಂಬುದು ಬಹು ಪುರಾತನವಾದ ಪ್ರಶ್ನೆ. ಉಂಟೆಂದು ಹಣವಿಲ್ಲದವನು ನಂಬುತ್ತಾನೆ. ಇಲ್ಲವೆಂದು ಹಣವುಳ್ಳವನು ಉಪದೇಶಿಸುತ್ತಾನೆ. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಕೃಷ್ಣೆಯ ಹಾಗೂ ದೂಧಗಂಗಾ, ವೇದಗಂಗಾ ನದಿಗಳ ನೀರಿನಿಂದ ಹಸಿರಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನಜೀವನದಲ್ಲಿಟ್ಟು ನೋಡಿದರೆ ಈ ಪ್ರಶ್ನೆಯ ಉತ್ತರವು ಹೆಚ್ಚು ಸ್ಪಷ್ಟವಾಗುತ್ತದೆ.

ಇದು ಹಣದ ಬೆಳೆಗಳ ಸೀಮೆ. ನಿಪ್ಪಾಣಿಯ ಹೆಸರು ತಂಬಾಕಿನೊಡನೆ ಬೆಸೆದುಕೊಂಡಿದೆ. ಉಗಾರದ ಸಕ್ಕರೆ ಉದ್ಯಮವು 1939ರಷ್ಟು ಹಿಂದಿನದು. ಅನಂತರ ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳು ಬೆಳೆದಂತೆ ಕಬ್ಬು ಈ ಭಾಗದ ಮುಖ್ಯ ಬೆಳೆಯಾಯಿತು. ಹಣವು ಕ್ಷುದ್ರವೆಂಬ ಉಪದೇಶ ಇಲ್ಲಿಯ ಇತಿಹಾಸಕ್ಕೆ ಒಪ್ಪುವುದಿಲ್ಲ. ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು 1981ರಲ್ಲಿ ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಧರಣಿ ಕುಳಿತ ಮೇಲೆ ಸರಕಾರವು ಟನ್ನಿಗೆ 3,300 ರೂಪಾಯಿ ದರವನ್ನು ಘೋಷಿಸಿತು. ಇವರು ಬೇಡಿದ್ದು ಭೋಗವನ್ನಲ್ಲ, ದುಡಿಮೆಯ ಬೆಲೆಯನ್ನು.

ಆದರೆ ಹಣ ಎಷ್ಟು ಬರುತ್ತದೆಂಬುದರ ಜೊತೆಗೆ ಅದು ಯಾವಾಗ ಬರುತ್ತದೆಂಬುದೂ ಮುಖ್ಯ. ಕಬ್ಬು ಪಕ್ವವಾಗಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ಕಟಾವಿನ ಸರದಿಯನ್ನು ಗೊತ್ತುಪಡಿಸುವುದು ಕಾರ್ಖಾನೆ. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿದೆ. ಅಂಥ ನಿಯಮವನ್ನು ಮಾಡಬೇಕಾಗಿ ಬಂದುದೇ ಕಾಯುವಿಕೆಯ ಕಷ್ಟವನ್ನು ಸಾರುತ್ತದೆ. ಬಿಲ್ಲು ಕೈಗೆ ಬರುವವರೆಗೆ ಮನೆಯು ನಡೆಯುವುದು ಸಾಲದ ಮೇಲೆ.

ಈ ಕಾಯುವಿಕೆಯು ಮನುಷ್ಯನ ಬುದ್ಧಿಯ ಮೇಲೆ ಮಾಡುವ ಪರಿಣಾಮವನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಹೋದ್ಯೋಗಿಗಳು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಕಟಾವಿನ ಮೊದಲೊಮ್ಮೆ, ಅನಂತರ ಮತ್ತೊಮ್ಮೆ ಪರೀಕ್ಷೆಗೊಳಪಡಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಟಾವಿಗೆ ಮುನ್ನ ನೂರಕ್ಕೆ 78 ಮಂದಿ ಏನನ್ನಾದರೂ ಒತ್ತೆಯಿಟ್ಟಿದ್ದರು. ಕಟಾವಿನ ತರುವಾಯ ಆ ಸಂಖ್ಯೆ 4ಕ್ಕೆ ಇಳಿದಿತ್ತು. ಅದೇ ರೈತನು ಹಣವಿಲ್ಲದಾಗ ಬುದ್ಧಿಪರೀಕ್ಷೆಯಲ್ಲಿ ಹೆಚ್ಚು ತಪ್ಪಿದನು, ಹಣ ಬಂದಾಗ ಚೆನ್ನಾಗಿ ಉತ್ತರಿಸಿದನು. ಕಟಾವಿನ ತಿಂಗಳು ಹೊಲದಿಂದ ಹೊಲಕ್ಕೆ ಬೇರೆಯಾಗಿದ್ದುದರಿಂದ ಇದು ಕೇವಲ ಋತುಮಾನದ ಪ್ರಭಾವವೆಂದು ಹೇಳುವಂತಿರಲಿಲ್ಲ. ಅವನ ಜಾಣತನ ಕಡಿಮೆಯಾಗಿರಲಿಲ್ಲ. ಚಿಂತೆಯು ಅದನ್ನು ಆಕ್ರಮಿಸಿತ್ತು.

ಆದುದರಿಂದ ಹಣವು ಕೊಡುವ ಮೊದಲ ಸುಖವೆಂದರೆ ಚಿಂತೆಯಿಂದ ಬಿಡುಗಡೆ. ಅದಕ್ಕೂ ಮೇಲಿನ ಸುಖದ ಮಾತೇನು? ಡೇನಿಯಲ್ ಕಾಹ್ನೆಮನ್ ಮತ್ತು ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಈ ವಿಷಯದಲ್ಲಿ ಮೊದಲು ಪರಸ್ಪರ ವಿರುದ್ಧವಾದ ತೀರ್ಮಾನಗಳಿಗೆ ಬಂದಿದ್ದರು. ಇಬ್ಬರೂ ಕೂಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದ ಬಹುಜನರಲ್ಲಿ ಆದಾಯದೊಡನೆ ಸಂತೋಷವೂ ಏರುತ್ತದೆ. ಆದರೆ ತೀರ ದುಃಖಿಗಳಾದವರಲ್ಲಿ ಅದು ಒಂದು ಮಟ್ಟವನ್ನು ಮುಟ್ಟಿ ನಿಂತುಬಿಡುತ್ತದೆ. ಅಗಲಿದವರ ನೆನಪು, ಮುರಿದ ಸಂಬಂಧ ಮುಂತಾದ ನೋವುಗಳಿಗೆ ಇನ್ನಷ್ಟು ಹಣವು ಔಷಧವಲ್ಲ.

ಸಾಕೆಂಬ ಅರಿವಿನ ಪಾಠ ಕನ್ನಡಿಗರಿಗೆ ಹೊಸದಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಲು ಪತ್ನಿ ಲಕ್ಕಮ್ಮನು ಹೇಳಿದ ಕಥೆ ಪ್ರಸಿದ್ಧವಾಗಿದೆ. ಲಕ್ಕಮ್ಮ ಅಕ್ಕಿಯನ್ನು ಹಳಿಯಲಿಲ್ಲ. ಅಕ್ಕಿಯಿಲ್ಲದೆ ದಾಸೋಹವೇ ನಡೆಯದು. ಅವಳು ನಿರಾಕರಿಸಿದ್ದು ಅಗತ್ಯಕ್ಕೆ ಮೀರಿದ ಸಂಗ್ರಹವನ್ನು. ಕಾಯಕದಿಂದ ಗಳಿಕೆ, ದಾಸೋಹದಿಂದ ಅದರ ವಿನಿಯೋಗ ಎಂಬ ಶರಣರ ವ್ಯವಸ್ಥೆಯಲ್ಲಿ ಹಣಕ್ಕೆ ಸ್ಥಾನವುಂಟು, ಒಡೆತನವಿಲ್ಲ.

ಕೊಡುವುದರಲ್ಲಿಯೂ ಸುಖವುಂಟೆಂಬುದಕ್ಕೆ ಪ್ರಯೋಗದ ಸಾಕ್ಷ್ಯ ದೊರೆತಿದೆ. ಕೆನಡಾದಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ ಐದು ಡಾಲರು, ಕೆಲವರಿಗೆ ಇಪ್ಪತ್ತು ಡಾಲರು ಕೊಟ್ಟು, ಸಂಜೆಯೊಳಗೆ ತಮಗಾಗಿ ಇಲ್ಲವೆ ಪರರಿಗಾಗಿ ವ್ಯಯಿಸಲು ಹೇಳಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರರಿಗಾಗಿ ವ್ಯಯಿಸಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಮೊತ್ತವು ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ.

ಈ ವಿಚಾರಗಳು ಶಾಲೆಗೂ ಸಂಬಂಧಪಟ್ಟವು. ಜೂನ್ ತಿಂಗಳಲ್ಲಿ ಪುಸ್ತಕ, ಸಮವಸ್ತ್ರ, ಶುಲ್ಕಗಳ ಖರ್ಚು ಒಟ್ಟಿಗೆ ಬರುತ್ತದೆ. ಮುಂಗಾರಿನ ಬೀಜ-ಗೊಬ್ಬರದ ಖರ್ಚೂ ಆಗಲೇ. ಕಾರ್ಖಾನೆಗಳು ಕಬ್ಬು ನುರಿಸತೊಡಗುವುದು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿಗೆ. ಈ ನಡುವಣ ತಿಂಗಳುಗಳಲ್ಲಿ ಪಾಠದ ಕಡೆಗೆ ಲಕ್ಷ್ಯ ಕೊಡದ ಬಾಲಕನನ್ನು ದಡ್ಡನೆಂದು ಎಣಿಸುವ ಮೊದಲು, ಅವನ ಮನೆಯ ಚಿಂತೆಯು ಅವನ ಪಾಟಿಚೀಲದಲ್ಲಿಯೂ ಬಂದಿದೆಯೇ ಎಂದು ಶಿಕ್ಷಕರು ವಿಚಾರಿಸುವುದು ಲೇಸು. ಕಬ್ಬು ಕಡಿಯಲು ಪರವೂರಿಗೆ ಹೋಗುವವರ ಮಕ್ಕಳ ಪಾಡು ಇದಕ್ಕಿಂತ ಕಠಿಣ. ತಂದೆತಾಯಿಗಳು ಪಡೆದ ಮುಂಗಡವು ಕೆಲಸ ಮುಗಿಯುವ ಮೊದಲೇ ಖರ್ಚಾಗಿರುತ್ತದೆ, ಮಕ್ಕಳ ಶಾಲೆಯೂ ನಡುವೆಯೇ ತಪ್ಪುತ್ತದೆ.

ದಾನಿಗಳಿಗೂ ಇಲ್ಲೊಂದು ಸೂಚನೆಯಿದೆ. ವರ್ಷಾಂತ್ಯದ ಸಮಾರಂಭದಲ್ಲಿ ಸಲ್ಲುವ ದೊಡ್ಡ ಮೊತ್ತವು ಸ್ವಾಗತಾರ್ಹವೇ. ಆದರೆ ಜೂನಿನಲ್ಲಿ ಸಂದ ಸಣ್ಣ ಮೊತ್ತವು ಒಂದು ಮನೆಯ ಒಡವೆಯನ್ನು ಒತ್ತೆಯಿಂದ ಉಳಿಸಬಲ್ಲದು. ಕಬ್ಬಿನ ಬಿಲ್ಲು ಬಂದ ಮೇಲೆ ಶುಲ್ಕ ತೆರುವ ಅವಕಾಶವಿದ್ದರೆ ತಂದೆಯ ಮಾನವೂ ಉಳಿಯುತ್ತದೆ, ಶಾಲೆಗೂ ನಷ್ಟವಿಲ್ಲ. ಹಣವು ನೆಮ್ಮದಿಯನ್ನು ತರಬೇಕಾದರೆ ಅದು ದುಡಿದವನಿಗೆ ಸಾಕಾಗುವಷ್ಟು ಬರಬೇಕು, ಸಕಾಲದಲ್ಲಿ ಬರಬೇಕು, ಸಾಕಾಗಿ ಉಳಿದುದು ಮುಂದಿನವನ ಕೈಗೆ ದಾಟಬೇಕು. ಇವುಗಳಲ್ಲಿ ಮೊದಲ ಎರಡು ಬೆಲೆ ಗೊತ್ತುಮಾಡುವವರ, ಹಣ ಪಾವತಿಸುವವರ ಹೊಣೆ. ಮೂರನೆಯದು ಉಳ್ಳವರೆಲ್ಲರ ಹೊಣೆ.