ಹಿತ್ತಲ ಹೊಂಡದಾಗ ಕಪ್ಪೆಯ ಸಂಸಾರ

ಕಪ್ಪೆಯು ಉಭಯವಾಸಿ ಪ್ರಾಣಿ. ಅಂದರೆ ನೀರಿನಲ್ಲಿ ಹುಟ್ಟಿ, ಬೆಳೆದ ಮೇಲೆ ನೆಲದ ಮೇಲೂ ಬಾಳುವ ಪ್ರಾಣಿ. ಇದನ್ನು ನಾವೆಲ್ಲರೂ ವಿಜ್ಞಾನ ಪುಸ್ತಕದಲ್ಲಿ ಓದಿದ್ದೇವೆ. ನಾನು ಇದನ್ನು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿರುವ ನಮ್ಮ ಸೋದರತ್ತಿ ಮನೆಯ ಹಿತ್ತಲದಾಗ ಕಣ್ಣಾರೆ ನೋಡಿದೆ. ಅಲ್ಲಿ ಒಂದು ಸಣ್ಣ ಕಲ್ಲಿನ ಹೊಂಡ ಐತಿ. ಸುತ್ತಲೂ ಪ್ಯಾಟಿ ಗದ್ದಲ. ಆದರೂ ಮಿರಗದ ಮಳೆ ಬಿದ್ದ ರಾತ್ರಿ ಕಪ್ಪೆ ಒದರುವುದು ಚೆನ್ನಾಗಿ ಕೇಳಿಸಿತು.

ಹೀಗೆ ಜೋರಾಗಿ ಕೂಗುವುದು ಗಂಡು ಕಪ್ಪೆ. ಗಂಟಲ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ಮರುದಿನ ನೀರಿನಲ್ಲಿ ಕರಿಮಣಿ ಪೋಣಿಸಿದಂಥ ಉದ್ದನೆಯ ಲೋಳೆಯ ದಾರಗಳಿದ್ದವು. ಅವು ನೆಲಗಪ್ಪೆಯ ಮೊಟ್ಟೆಗಳು. ಮರಗಪ್ಪೆಯಾದರೆ ನೀರಿನ ಅಂಚಿಗೆ ನೊರೆಯ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ.

ಎರಡು ಮೂರು ದಿನಕ್ಕೆ ಕರಿ ಗೊದಮೊಟ್ಟೆಗಳು ಹೊರಬಂದವು. ಇವು ಮೀನಿನಂತೆ ಕಿವಿರಿನಿಂದ ಉಸಿರಾಡುತ್ತವೆ. ಮೊದಲು ಹಿಂಗಾಲು, ಆಮೇಲೆ ಮುಂಗಾಲು ಮೂಡುತ್ತವೆ. ಬಾಲ ಉದುರುವುದಿಲ್ಲ, ಮೈಯೊಳಗೇ ಕರಗುತ್ತದೆ. ಇದಕ್ಕೆಲ್ಲ ಸುಮಾರು ಐದಾರು ವಾರ ಬೇಕು.

ಆದರೆ ಅತ್ತಿ, “ಯವ್ವಾ, ಈ ನೀರಾಗ ಗುಂಗಾಡ ಹುಟ್ಟತಾವ, ಡೆಂಗ್ಯೂ ಬರತೈತಿ. ಚೆಲ್ಲಿಬಿಡ್ತೀನಿ” ಅಂದರು. ಅವರ ಅಂಜಿಕೆ ಸುಳ್ಳಲ್ಲ. ಸೊಳ್ಳೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೊಳ್ಳೆಯೂ ಸಾಯುತ್ತದೆ, ಕಪ್ಪೆಯ ಮರಿಯೂ ಸಾಯುತ್ತದೆ. ಹಾಗಾದರೆ ಏನು ಮಾಡಬೇಕು?

ಗುರುತು ಹಿಡಿಯುವುದು ಸುಲಭ. ಸೊಳ್ಳೆಯ ಮರಿ ಸಣ್ಣ ಹುಳದಂತೆ ನೀರಿನ ಮೇಲ್ಭಾಗಕ್ಕೆ ತಲೆ ಕೆಳಗಾಗಿ ತೂಗುತ್ತದೆ. ಗೊದಮೊಟ್ಟೆಗೆ ದುಂಡು ತಲೆ, ಚಪ್ಪಟೆ ಬಾಲ. ನಾವು ಚಹಾ ಸೋಸುವ ಜರಡಿಯಿಂದ ಸೊಳ್ಳೆಮರಿಗಳನ್ನು ಮಾತ್ರ ತೆಗೆದೆವು. ಹಿತ್ತಲದಾಗ ಬಿದ್ದಿದ್ದ ಟೈರು, ತೆಂಗಿನ ಚಿಪ್ಪುಗಳ ನೀರನ್ನು ಪೂರಾ ಚೆಲ್ಲಿದೆವು. ಏರೋಪ್ಲೇನ್ ಚಿಟ್ಟೆಯೂ ಹೊಂಡಕ್ಕೆ ಬಾಲ ಅದ್ದಿ ಮೊಟ್ಟೆ ಇಡುತ್ತಿತ್ತು. ಅದರ ಮರಿಗಳು ಸೊಳ್ಳೆಮರಿಯನ್ನು ತಿನ್ನುತ್ತವೆ, ಒಮ್ಮೊಮ್ಮೆ ಗೊದಮೊಟ್ಟೆಯನ್ನೂ ಹಿಡಿಯುತ್ತವೆ. ಐದನೆಯ ವಾರದಲ್ಲಿ ಕಡಲೆಕಾಳಿನಷ್ಟು ಕಪ್ಪೆಮರಿಗಳು ಕಲ್ಲು ಹತ್ತಿ ಹೋದವು.

ನೀರು ಬೇಗ ಬತ್ತಿದರೆ ಏನಾಗುತ್ತದೆ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಬಿಲ ತೋಡುವ ಒಂದು ಜಾತಿಯ ಕಪ್ಪೆಯಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ನೀರು ಇಳಿಯುತ್ತ ಹೋದರೆ ಗೊದಮೊಟ್ಟೆಗಳು ಅವಸರದಿಂದ ಕಪ್ಪೆಯಾಗುತ್ತವೆ, ಆದರೆ ಗಾತ್ರದಲ್ಲಿ ಸಣ್ಣವಾಗಿ ಉಳಿಯುತ್ತವೆ. ಒಮ್ಮೆಲೇ ಚೆಲ್ಲಿದರೆ ಆ ಅವಕಾಶವೂ ಇಲ್ಲ.

ಕಪ್ಪೆ ರೈತನ ಗೆಳೆಯ, ಬೆಳೆಯ ಹುಳ ತಿನ್ನುತ್ತದೆ. ಹಿಂದೆ ನಮ್ಮ ದೇಶದಿಂದ ಕಪ್ಪೆಕಾಲುಗಳನ್ನು ಹೊರದೇಶಕ್ಕೆ ಮಾರುತ್ತಿದ್ದರು. 1987ರಲ್ಲಿ ಸರಕಾರ ಅದನ್ನು ನಿಲ್ಲಿಸಿತು.

ಗೆಳೆಯರೇ, ಮಳೆಗಾಲದಲ್ಲಿ ನಿಮ್ಮ ಹಿತ್ತಲ, ಹೊಲದ ಹೊಂಡ ನೋಡಿರಿ. ಮೊಟ್ಟೆ ಕಂಡ ತಾರೀಖು ಬರೆದಿಡಿರಿ. ಕೈಹಾಕಿ ಎತ್ತಬೇಡಿರಿ. ಐದಾರು ವಾರ ಆ ನೀರನ್ನು ಕಾಯಿರಿ.