ಅವ್ವನನ್ನು ಕರೆದೊಯ್ಯದೆ ಆಟಿಸಂ ತಪಾಸಣೆ ಆಗುತ್ತದೆಯೇ?

ಪ್ರಶ್ನೆ: ನಾನು ಹಿರೇಹಂದಿಗೋಳದವಳು, ವಯಸ್ಸು 29. ಗದಗಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಸ್ಸಿನಲ್ಲಿ ಯಾರಾದರೂ ‘ಆರಾಮ ಅದೀಯೇನವಾ?’ ಅಂದರೆ ಏನು ಹೇಳಬೇಕೆಂದು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೊರಡುತ್ತೇನೆ. ಹಿಟ್ಟಿನ ಗಿರಣಿಯ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತೇನೆ. ಆಟಿಸಂ ಬಗ್ಗೆ ಓದಿದಾಗ ನನ್ನದೇ ಕಥೆ ಅನಿಸಿತು. ಆದರೆ ತಾಯಿಯನ್ನು ಕರೆತರಲು ಡಾಕ್ಟರು ಹೇಳುತ್ತಾರಂತೆ. ಮನೆಯಲ್ಲಿ ವರ ನೋಡುತ್ತಿದ್ದಾರೆ. ಈ ಮಾತೆತ್ತಿದರೆ ‘ಹುಚ್ಚು ಹಿಡದೈತಿ’ ಅಂತಾರೆ. ಅವರಿಗೆ ಹೇಳದೆ ತಪಾಸಣೆ ಸಾಧ್ಯವೇ?

ಉತ್ತರ: ಸಾಧ್ಯವಿದೆ, ತಂಗೀ. ನೀವು ವಯಸ್ಕರು, ತಪಾಸಣೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ವಿವರ ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನ್ಯ ಮಾಡಿದೆ. ‘ಮನೆಯವರನ್ನು ಸಂಪರ್ಕಿಸಬೇಡಿ’ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ತಾಯಿಯನ್ನು ಕೇಳುವುದಕ್ಕೆ ಕಾರಣವಿದೆ. ಆಟಿಸಂ ಹುಟ್ಟಿನಿಂದ ಬರುವಂಥದ್ದು, ನಡುವೆ ಅಂಟಿಕೊಳ್ಳುವುದಲ್ಲ. ಆತಂಕ, ಖಿನ್ನತೆ, ಎಡಿಎಚ್‌ಡಿ ಕೂಡ ಹೊರಗಿನಿಂದ ಹಾಗೇ ಕಾಣಬಹುದು. ಅದಕ್ಕೇ ಡಾಕ್ಟರು ಬಾಲ್ಯದ ಗುರುತು ಹುಡುಕುತ್ತಾರೆ. ಅವರಿಗೆ ಬೇಕಾದದ್ದು ಬಾಲ್ಯದ ಸಂಗತಿ. ಅದನ್ನು ಅವ್ವನೇ ಹೇಳಬೇಕೆಂದಿಲ್ಲ. ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಇನ್ನೊಂದು ಮಾತು ಹೇಳುತ್ತದೆ: ಕಲಿತುಕೊಂಡ ಉಪಾಯಗಳ ಹಿಂದೆ ಲಕ್ಷಣಗಳು ಮರೆಯಾಗಿರಬಹುದು. ನಿಮ್ಮ ಬಾಯಿಪಾಠ ಅಂಥ ಉಪಾಯವೇ ಇರಬಹುದು. ಅದನ್ನು ಮುಚ್ಚಿಡದೆ ಹೇಳಿ.

ಒಂದು ನೋಟುಬುಕ್ಕು ಮಾಡಿ. ‘ನನಗೆ ಮಂದಿ ಕಂಡರಾಗಲ್ಲ’ ಎಂದು ಬರೆದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. ‘ಮೂರನೇ ಇಯತ್ತೆಯಲ್ಲಿ ಆಟದ ಪಿರಿಯಡ್‌ ಪೂರ್ತಿ ಶೇಂಗಾ ಸಿಪ್ಪೆ ಸಾಲಾಗಿ ಜೋಡಿಸುತ್ತಿದ್ದೆ, ಯಾರಾದರೂ ಕದಡಿದರೆ ಅಳುತ್ತಿದ್ದೆ’ ಎಂಬಂಥ ನಿಮ್ಮದೇ ನೆನಪುಗಳು ಬೇಕು. ಹಳೆಯ ಅಂಕಪಟ್ಟಿಯಲ್ಲಿ ಮಾಸ್ತರರು ಬರೆದ ಷರಾ ಇದ್ದರೆ ಜೊತೆಗಿಡಿ. ಶಾಲೆಯ ಗೆಳತಿ ಬರಲು ಒಪ್ಪಿದರೆ ಕರೆದೊಯ್ಯಿರಿ. ಇಷ್ಟಾದರೂ ಒಂದೆರಡು ಭೇಟಿ ಹೆಚ್ಚು ಬೇಕಾಗಬಹುದು. ಉತ್ತರ ‘ಖಚಿತ’ ಎನ್ನುವ ಬದಲು ‘ಬಹುತೇಕ ಹೌದು’ ಎಂದಷ್ಟೇ ಬರಬಹುದು. ಅದಕ್ಕೂ ಬೆಲೆಯಿದೆ.

ಗದಗಿನ ಜಿಮ್ಸ್‌ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಆರಂಭಿಸಿ. ‘ವಯಸ್ಕರ ಆಟಿಸಂ ತಪಾಸಣೆ ಬೇಕು, ಚಿಕ್ಕಂದಿನ ವಿವರ ನಾನೇ ತಂದಿದ್ದೇನೆ’ ಎನ್ನಿ. ಅಲ್ಲಿ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಶಿಫಾರಸು ಪತ್ರ ಕೇಳಿ. ಎಲ್ಲಿಗೆ ಹೋಗಲೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಆದರೆ ಅಂಗವೈಕಲ್ಯದ ಪ್ರಮಾಣಪತ್ರ ಬೇರೆ, ತಪಾಸಣೆ ಬೇರೆ. ಪ್ರಮಾಣಪತ್ರ ಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ.

ಮದುವೆಯ ಮಾತಿಗೆ ಮಾತ್ರ ಈಗಲೇ ಹೂಂ ಅನ್ನಬೇಡಿ. ಕಾರಣ ಹೇಳದೆಯೂ ಆರು ತಿಂಗಳ ಸಮಯ ಕೇಳಬಹುದು. ನಿಮ್ಮನ್ನು ನೀವು ಅರಿತ ಮೇಲೆ, ಮದುವೆಯಾಗುವವನಿಗೆ ಏನು ಹೇಳಬೇಕೆಂಬುದು ನಿಮಗೇ ತಿಳಿಯುತ್ತದೆ.

ಡಾಕ್ಟರು ‘ಆಟಿಸಂ ಅಲ್ಲ’ ಅಂದರೂ ನಿಮ್ಮ ಕಷ್ಟ ಸುಳ್ಳಾಗುವುದಿಲ್ಲ, ‘ಹಾಗಾದರೆ ಏನು?’ ಎಂದು ಕೇಳಿಯೇ ಬನ್ನಿ. ಅಲ್ಲಿಯವರೆಗೂ ಕಾಯಬೇಡಿ: ಗಿರಣಿಗೆ ಹೋಗುವಾಗ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಲು ಯಾವ ಡಾಕ್ಟರ ಚೀಟಿಯೂ ಬೇಕಿಲ್ಲ.